ತಲೆ ಬದಲಾದ ಎಂಜಿನ್ನು

ಎಂಜಿನ್ನಿನ ಮೇಲ್ಭಾಗಕ್ಕೆ ನಮ್ಮ ಗ್ಯಾರೇಜುಗಳಲ್ಲಿ ‘ಹೆಡ್ಡು’ ಎನ್ನುತ್ತಾರೆ. ‘ಹೆಡ್ಡು ಬಿಚ್ಚಬೇಕಾಗುತ್ತೆ’ ಎಂದು ಮೇಸ್ತ್ರಿ ಹೇಳಿದ ಕೂಡಲೇ ಗಾಡಿಯ ಮಾಲೀಕನ ಮುಖ ಸಪ್ಪಗಾಗುತ್ತದೆ. ಅಲ್ಲಿಯವರೆಗೆ ಪ್ಲಗ್ಗು, ಬೆಲ್ಟು, ಫಿಲ್ಟರು ಎಂದು ಸಾಗಿದ್ದ ಮಾತು ಈಗ ಎಂಜಿನ್ನಿನ ಒಳಕ್ಕೇ ಇಳಿದಿದೆ ಎಂದು ಅವನಿಗೆ ತಿಳಿಯುತ್ತದೆ. ಸಿಲಿಂಡರುಗಳನ್ನು ಕೊರೆದಿರುವ ಕೆಳಗಿನ ಭಾರವಾದ ತುಂಡು ಬ್ಲಾಕ್. ಅದರ ಮೇಲೆ ಕೂತು, ಬೆಂಕಿಯ ಕೋಣೆಗಳಿಗೆ ಸೂರಾಗಿ, ಗಾಳಿ ಮತ್ತು ಪೆಟ್ರೋಲು ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳನ್ನು ಹೊತ್ತಿರುವುದು ಹೆಡ್ಡು. ಎಂಜಿನ್ನಿನ ಗುಣ ಬಹುಪಾಲು ನಿರ್ಧಾರವಾಗುವುದು ಇಲ್ಲಿ. ಅತಿ ಹೆಚ್ಚು ಬಿಸಿಯನ್ನು ತಿನ್ನುವುದೂ ಇದೇ ಭಾಗ.

ನಾನು ಪಿಎಚ್.ಡಿ.ಗೆ ಆರಿಸಿಕೊಂಡಿರುವ ವಿಷಯ ಇಪ್ಪತ್ತನೆಯ ಶತಮಾನದ ಯಂತ್ರಗಳ ದುರಸ್ತಿಯ ಚರಿತ್ರೆ. ಯಂತ್ರಗಳನ್ನು ಕಂಡುಹಿಡಿದವರ ಬಗ್ಗೆ ಕಪಾಟುಗಟ್ಟಲೆ ಪುಸ್ತಕಗಳಿವೆ. ಅದೇ ಯಂತ್ರಗಳನ್ನು ಐವತ್ತು, ಎಪ್ಪತ್ತು ವರ್ಷ ಓಡಿಸಿಕೊಂಡು ಬಂದ ಕೈಗಳು ಚರಿತ್ರೆಯ ಪುಟಗಳಲ್ಲಿ ಸಿಗುವುದು ಅಪರೂಪ. ಆ ಕೈಗಳನ್ನು ಹುಡುಕಲು ಒಂದು ಎಂಜಿನ್ನನ್ನೂ ಅದರ ಒಂದೇ ಭಾಗವನ್ನೂ ಇಲ್ಲಿ ಹಿಡಿದುಕೊಂಡಿದ್ದೇನೆ. ಎಂಜಿನ್ನು ಜಾಗ್ವಾರ್ ಕಂಪನಿಯ ‘ಎಕ್ಸ್‌ಕೆ’. ಭಾಗ, ಅದರ ಹೆಡ್ಡು. ಹಳೆಯ ಸ್ಪೋರ್ಟ್ಸ್ ಕಾರೊಂದರ ಸವೆದ ಹೆಡ್ಡನ್ನು ತೆಗೆದು ಇನ್ನೊಂದನ್ನು ಕೂರಿಸಿದಾಗ ಉಳಿದದ್ದೇನು, ಹೋದದ್ದೇನು ಎಂಬುದು ನನ್ನ ಪ್ರಶ್ನೆ.

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಕೊವೆಂಟ್ರಿ ನಗರದ ನಡುಭಾಗವನ್ನು ಸುಟ್ಟುಹಾಕಿದವು. ಯುದ್ಧದ ಆ ವರ್ಷಗಳಲ್ಲಿ ಅಲ್ಲಿನ ಕಾರ್ಖಾನೆಗಳ ನೌಕರರು ಸರದಿಯಂತೆ ರಾತ್ರಿ ಕಾವಲು ಕೂರಬೇಕಾಗಿತ್ತು. ಬೆಂಕಿಬಾಂಬು ಬಿದ್ದರೆ ಕಿಚ್ಚು ಹಬ್ಬುವ ಮೊದಲೇ ಆರಿಸುವುದು ಅವರ ಕೆಲಸ. ವಿಲಿಯಂ ಲಯನ್ಸ್ ನಡೆಸುತ್ತಿದ್ದ ಎಸ್‌ಎಸ್ ಕಾರ್ಸ್ ಕಂಪನಿಯಲ್ಲಿ ಅವರೂ, ಮುಖ್ಯ ಎಂಜಿನಿಯರ್ ವಿಲಿಯಂ ಹೈನ್ಸ್, ಜೊತೆಗೆ ವಾಲ್ಟರ್ ಹ್ಯಾಸನ್ ಮತ್ತು ಕ್ಲಾಡ್ ಬೇಲಿ ಒಂದೇ ಸರದಿಯಲ್ಲಿ ಕೂರುತ್ತಿದ್ದರು. ಯುದ್ಧ ಮುಗಿದ ಮೇಲೆ ಯಾವ ಕಾರು ಮಾಡಬೇಕು, ಅದಕ್ಕೆ ಯಾವ ಎಂಜಿನ್ನು ಎಂಬ ಚರ್ಚೆ ಆ ರಾತ್ರಿಗಳಲ್ಲಿ ನಡೆಯಿತು. ಊರು ಉಳಿಯುವುದೋ ಇಲ್ಲವೋ ತಿಳಿಯದಿದ್ದಾಗ ನಾಲ್ವರು ಶಾಂತಿಕಾಲದ ಕಾರಿನ ಬಗ್ಗೆ ಮಾತಾಡುತ್ತಿದ್ದರು ಎನ್ನುವುದು ನನಗೆ ಈ ಎಂಜಿನ್ನಿನ ಬಗ್ಗೆ ಮೊದಲು ಕುತೂಹಲ ಹುಟ್ಟಿಸಿದ ಸಂಗತಿ.

ಪ್ರಯೋಗದ ಎಂಜಿನ್ನುಗಳಿಗೆ ಅವರು ಎಕ್ಸ್ ಅಕ್ಷರದಿಂದ ಆರಂಭವಾಗುವ ಹೆಸರುಗಳನ್ನು ಕೊಟ್ಟರು. ಎಕ್ಸ್‌ಎಫ್‌ನಲ್ಲಿ ಅರ್ಧಗೋಲದ ಆಕಾರದ ಬೆಂಕಿಕೋಣೆಯನ್ನೂ ಎರಡು ಕ್ಯಾಮ್‌ಶಾಫ್ಟ್‌ಗಳನ್ನೂ ಪರೀಕ್ಷಿಸಿದರು. ಎಕ್ಸ್‌ಜಿಯಲ್ಲಿ ಜರ್ಮನಿಯ ಬಿಎಂಡಬ್ಲ್ಯು 328ರ ಮಾದರಿಯಂತೆ ಕಡ್ಡಿಗಳ ಮೂಲಕ ವಾಲ್ವುಗಳನ್ನು ತಳ್ಳಿ ನೋಡಿದರು. ಸದ್ದು ಹೆಚ್ಚೆಂದು ಕೈಬಿಟ್ಟರು. ಎಕ್ಸ್‌ಜೆ ದಾಟಿ ಎಕ್ಸ್‌ಕೆಗೆ ಬಂದು ನಿಂತಾಗ ಕೈಯಲ್ಲಿದ್ದುದು ಆರು ಸಿಲಿಂಡರಿನ, 3,442 ಸಿ.ಸಿ.ಯ, 160 ಅಶ್ವಶಕ್ತಿಯ ಎಂಜಿನ್ನು. 1945ರಲ್ಲಿ ಕಂಪನಿಯ ಹೆಸರು ಜಾಗ್ವಾರ್ ಎಂದಾಗಿತ್ತು. 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಈ ಎಂಜಿನ್ನು ಎಕ್ಸ್‌ಕೆ120 ಎಂಬ ಸ್ಪೋರ್ಟ್ಸ್ ಕಾರಿನೊಳಗೆ ಕೂತು ಜನರ ಮುಂದೆ ಬಂತು. ಅಸಲಿಗೆ ಎಂಜಿನ್ನು ತಯಾರಾಗಿದ್ದದ್ದು ದೊಡ್ಡ ಸಲೂನ್ ಕಾರಿಗಾಗಿ. ಆ ಕಾರು ಇನ್ನೂ ಸಿದ್ಧವಾಗದ ಕಾರಣ, ಇನ್ನೂರು ಮಾಡಿದರೆ ಸಾಕೆಂದುಕೊಂಡು ಸ್ಪೋರ್ಟ್ಸ್ ಕಾರನ್ನು ತೋರಿಸಿದ್ದರು. ಕೊನೆಗೆ ಮಾಡಬೇಕಾಗಿ ಬಂದದ್ದು ಹನ್ನೆರಡು ಸಾವಿರಕ್ಕೂ ಹೆಚ್ಚು. 1949ರ ಮೇ ತಿಂಗಳಲ್ಲಿ ಬೆಲ್ಜಿಯಮ್ಮಿನ ಯಾಬ್ಬೆಕ ಎಂಬಲ್ಲಿ ಈ ಕಾರು ಗಂಟೆಗೆ 132 ಮೈಲಿಗೂ ಹೆಚ್ಚು ವೇಗ ಮುಟ್ಟಿತು. 1951 ಮತ್ತು 1953ರಲ್ಲಿ ಸಿ-ಟೈಪ್, 1955, 1956, 1957ರಲ್ಲಿ ಡಿ-ಟೈಪ್ ಇದೇ ಎಂಜಿನ್ ವಂಶದ ಬಲದಿಂದ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟ ಗೆದ್ದವು. 1961ರಲ್ಲಿ ಬಂದ ಇ-ಟೈಪ್ ಕಾರಿನ ಉದ್ದನೆಯ ಮೂತಿಯೊಳಗೂ ಇದೇ ಇತ್ತು. ಬೇರೆ ಬೇರೆ ಅಳತೆಗಳಲ್ಲಿ ಇದರ ತಯಾರಿಕೆ 1992ರವರೆಗೆ ನಡೆಯಿತು.

ಈ ಯಶಸ್ಸಿನ ಗುಟ್ಟು ಹೆಡ್ಡಿನಲ್ಲಿತ್ತು. ಅದನ್ನು ರೂಪಿಸಲು ನೆರವಾದವರು ಹ್ಯಾರಿ ವೆಸ್ಲೇಕ್. ಕೊಳವೆಯೊಳಗೆ ಗಾಳಿ ಹೇಗೆ ಹರಿಯುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ಸುಳಿಯಾಗುತ್ತದೆ ಎಂದು ಅಳೆಯುವುದೇ ಅವರ ಬದುಕಿನ ಕಸುಬು. ಎಕ್ಸ್‌ಕೆ ಹೆಡ್ಡಿನಲ್ಲಿ ಒಳಬರುವ ವಾಲ್ವುಗಳ ಸಾಲು ಒಂದು ಬದಿಗೆ, ಹೊರಹೋಗುವ ವಾಲ್ವುಗಳ ಸಾಲು ಇನ್ನೊಂದು ಬದಿಗೆ ವಾಲಿಕೊಂಡಿವೆ. ಎರಡರ ನಡುವೆ 70 ಡಿಗ್ರಿ ಕೋನ. ಒಂದೊಂದು ಸಾಲಿನ ಮೇಲೂ ಒಂದೊಂದು ಕ್ಯಾಮ್‌ಶಾಫ್ಟ್. ಗಾಳಿ ಒಂದು ಕಡೆಯಿಂದ ಬಂದು, ಉರಿದು, ಎದುರು ಕಡೆಯಿಂದ ಹೊರಟುಹೋಗುತ್ತದೆ. ಇಂಥ ರಚನೆ ಅದಕ್ಕೆ ಮುಂಚೆ ರೇಸ್ ಕಾರುಗಳಿಗೂ ತೀರಾ ದುಬಾರಿ ಕಾರುಗಳಿಗೂ ಮೀಸಲು. ಬೀಡುಕಬ್ಬಿಣದಲ್ಲಿ ಎರಕ ಹೊಯ್ದರೆ ಹೆಡ್ಡು ಬಹಳ ಭಾರವಾಗುತ್ತಿತ್ತು. ಹಾಗಾಗಿ ಅಲ್ಯೂಮಿನಿಯಮ್ ಮಿಶ್ರಲೋಹ ಬಂತು. ಅದು ಹಗುರ, ಬಿಸಿಯನ್ನು ಬೇಗ ಹೊರಗೆ ಸಾಗಿಸುತ್ತದೆ. ಲಯನ್ಸ್‌ಗೆ ಎಂಜಿನ್ನು ನೋಡಲೂ ಚೆನ್ನಾಗಿರಬೇಕಿತ್ತು. ಕ್ಯಾಮ್‌ಶಾಫ್ಟ್‌ಗಳ ಮೇಲಿನ ಎರಡು ಉದ್ದನೆಯ ಮುಚ್ಚಳಗಳನ್ನು ಕನ್ನಡಿಯಂತೆ ಹೊಳಪು ಮಾಡಿಸಿದರು.

ಗೆಲ್ಲಿಸಿದ ಅಲ್ಯೂಮಿನಿಯಮ್ಮೇ ಮುಂದೆ ಸವೆತಕ್ಕೂ ಕಾರಣವಾಯಿತು. ಕೆಳಗಿನ ಬ್ಲಾಕ್ ಬೀಡುಕಬ್ಬಿಣದ್ದು, ಮೇಲಿನ ಹೆಡ್ಡು ಅಲ್ಯೂಮಿನಿಯಮ್ಮಿನದು. ಬಿಸಿಯಾದಾಗ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 600 ಮಿ.ಮೀ. ಉದ್ದದ ಎರಡು ಪಟ್ಟಿಗಳನ್ನು 80 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿಸಿದರೆ ಅಲ್ಯೂಮಿನಿಯಮ್ ಪಟ್ಟಿ ಒಂದು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಬೆಳೆಯುತ್ತದೆ, ಕಬ್ಬಿಣದ್ದು ಅರ್ಧ ಮಿಲಿಮೀಟರಿನ ಆಸುಪಾಸು. ಎಂಜಿನ್ನು ಚಾಲೂ ಆಗಿ ಕಾದು ತಣಿದಾಗಲೆಲ್ಲ ಎರಡು ಲೋಹಗಳು ಒಂದರ ಮೇಲೊಂದು ಉಜ್ಜಿಕೊಳ್ಳುತ್ತವೆ. ನಡುವೆ ಸಿಕ್ಕಿಕೊಂಡ ತೆಳು ಗ್ಯಾಸ್ಕೆಟ್ ಆ ಜಗಳವನ್ನು ಸಹಿಸಬೇಕು. ಜೊತೆಗೆ ತಂಪು ಮಾಡುವ ನೀರು ಎರಡೂ ಲೋಹಗಳನ್ನು ಮುಟ್ಟುತ್ತ ಹರಿಯುತ್ತದೆ. ತುಕ್ಕು ತಡೆಯುವ ದ್ರಾವಣ ಬೆರೆಸದೆ ಬರೀ ನಲ್ಲಿನೀರು ತುಂಬಿಸಿದ ಎಂಜಿನ್ನಿನಲ್ಲಿ ಅಲ್ಯೂಮಿನಿಯಮ್ ನಿಧಾನವಾಗಿ ಕರಗುತ್ತದೆ. ನೀರಿನ ದಾರಿಗಳ ಅಂಚು ಗೆದ್ದಲು ತಿಂದ ಮರದಂತಾಗಿ, ಒಂದು ದಿನ ಗ್ಯಾಸ್ಕೆಟ್ ಹಿಡಿದುಕೊಳ್ಳಲು ಗಟ್ಟಿಯಾದ ಜಾಗವೇ ಇರುವುದಿಲ್ಲ.

ಎಂಜಿನ್ನು ಮಿತಿಮೀರಿ ಕಾದರೆ ಇನ್ನೂ ಎರಡು ಅಪಾಯಗಳಿವೆ. ಕ್ಯಾಮಿನ ಉಬ್ಬು ತಳ್ಳುವ ಬಟ್ಟಲಿನಾಕಾರದ ಟ್ಯಾಪೆಟ್ಟುಗಳು ಕಬ್ಬಿಣದ ಗೈಡುಗಳೊಳಗೆ ಜಾರುತ್ತವೆ. ಆ ಗೈಡುಗಳನ್ನು ಬಿಸಿ ಹೆಡ್ಡಿನಲ್ಲಿ ಕೂರಿಸಿರುತ್ತಾರೆ. ಹೆಡ್ಡು ತಣಿದಾಗ ಬಿಗಿದುಕೊಂಡು ನಿಲ್ಲುತ್ತವೆ. ಅತಿಯಾಗಿ ಕಾದ ಹೆಡ್ಡು ಹಿಗ್ಗಿ ಹಿಡಿತ ಬಿಟ್ಟರೆ ಗೈಡು ಸಡಿಲವಾಗಿ ಮೇಲಕ್ಕೆ ಬಂದು ತಿರುಗುವ ಕ್ಯಾಮಿಗೆ ಬಡಿಯುತ್ತದೆ. ಎರಡನೆಯದು, ಹೆಡ್ಡೇ ಬಾಗುವುದು. ಬಾಗಿದ ಹೆಡ್ಡಿನ ತಳವನ್ನು ಯಂತ್ರಕ್ಕೆ ಕೊಟ್ಟು ಸಮ ಮಾಡಿಸಬಹುದು. ನಮ್ಮವರು ಅದಕ್ಕೆ ‘ಫೇಸಿಂಗ್’ ಎನ್ನುತ್ತಾರೆ. ಆದರೆ ಎಕ್ಸ್‌ಕೆ ಹೆಡ್ಡಿನಲ್ಲಿ ತಳ ಬಾಗಿದರೆ ಮೇಲಿನ ಕ್ಯಾಮ್‌ಶಾಫ್ಟ್ ಕೂರುವ ಬೇರಿಂಗುಗಳ ಸಾಲೂ ಬಾಗಿರುತ್ತದೆ. ತಳವನ್ನಷ್ಟೇ ಸಮ ಮಾಡಿದವನು ಬಾಗಿದ ಸಾಲಿನಲ್ಲಿ ನೇರ ಶಾಫ್ಟನ್ನು ತುರುಕಬೇಕಾಗುತ್ತದೆ. ಹೆಡ್ಡನ್ನು ದಪ್ಪ ಉಕ್ಕಿನ ಹಲಗೆಗೆ ಬಿಗಿದು, ಒಲೆಯಲ್ಲಿ ಕಾಯಿಸಿ, ಮೊದಲು ನೇರ ಮಾಡಬೇಕು. ಫೇಸಿಂಗ್ ಆಮೇಲಿನ ಕೆಲಸ. ಒಂದೊಂದು ಸಲ ಕೆರೆದಾಗಲೂ ಲೋಹ ತೆಳುವಾಗುತ್ತದೆ, ಮರಳಿ ಬರುವುದಿಲ್ಲ. ಕೆರೆಯಲು ಇನ್ನೇನೂ ಉಳಿದಿಲ್ಲ ಎಂಬ ದಿನ ಹೆಡ್ಡನ್ನು ಬದಲಾಯಿಸಲೇಬೇಕು.

ಬದಲಾಯಿಸುವ ಕ್ರಮವನ್ನು ಹೇಳುವ ಕಂಪನಿಯ ವರ್ಕ್‌ಷಾಪ್ ಕೈಪಿಡಿಗಳನ್ನು ನಾನು ಸಾಹಿತ್ಯದ ವಿದ್ಯಾರ್ಥಿ ಪಠ್ಯ ಓದುವಂತೆ ಓದಿದ್ದೇನೆ. ಒಂದೂ ವಿಶೇಷಣವಿಲ್ಲದ ವಾಕ್ಯಗಳು, ಎಲ್ಲವೂ ವಿಧಿರೂಪದಲ್ಲಿ. ಮೊದಲು ನೀರು ಇಳಿಸು, ಬ್ಯಾಟರಿಯ ತಂತಿ ಬಿಡಿಸು. ಕ್ಯಾಮ್‌ಶಾಫ್ಟಿನ ಹಲ್ಲುಚಕ್ರಗಳನ್ನು ಬಿಚ್ಚಿ, ಚೈನು ಕೆಳಗೆ ಬೀಳದಂತೆ ಅವುಗಳ ಆಧಾರದ ಮೇಲೇ ತೂಗಲು ಬಿಡು. ಹದಿನಾಲ್ಕು ದೊಡ್ಡ ನಟ್ಟುಗಳನ್ನು ಒಂದೇ ಸಲಕ್ಕೆ ಪೂರ್ತಿ ಬಿಚ್ಚದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸು. ಬಿಚ್ಚಿದ ಹೆಡ್ಡನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಬೇಡ, ಮರದ ತುಂಡುಗಳ ಮೇಲೆ ಇಡು. ತೆರೆದಿರುವ ವಾಲ್ವುಗಳು ತಳದಿಂದ ಹೊರಗೆ ಚಾಚಿಕೊಂಡಿರುತ್ತವೆ, ಭಾರ ಬಿದ್ದರೆ ಬಾಗುತ್ತವೆ. ಎರಡು ಕ್ಯಾಮ್‌ಶಾಫ್ಟ್‌ಗಳನ್ನು ಒಂದನ್ನು ಬಿಟ್ಟು ಒಂದನ್ನು ಮನಬಂದಂತೆ ತಿರುಗಿಸಬೇಡ. ಎದುರುಬದುರಿನ ವಾಲ್ವುಗಳು ಒಂದಕ್ಕೊಂದು ತಾಗುತ್ತವೆ. ಈ ‘ಬೇಡ’ಗಳು ಎಲ್ಲಿಂದ ಬಂದಿರಬಹುದು? ಯಾರೋ ಒಬ್ಬ ಕೆಲಸಗಾರನ ಮೇಜಿನ ಮೇಲೆ ವಾಲ್ವು ಬಾಗಿರಲೇಬೇಕು. ಅವನ ಹೆಸರು ಕೈಪಿಡಿಯಲ್ಲಿಲ್ಲ, ಅವನ ಅನುಭವ ಮಾತ್ರ ಸೂತ್ರವಾಗಿ ನಿಂತಿದೆ.

ಎಷ್ಟೋ ಬಾರಿ ಕೈಪಿಡಿಯ ಸೂತ್ರಗಳು ಮುಗಿದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ನಟ್ಟುಗಳೆಲ್ಲ ಬಂದರೂ ಹೆಡ್ಡು ಮೇಲೇಳುವುದಿಲ್ಲ. ಉಕ್ಕಿನ ಸ್ಟಡ್ಡುಗಳ ಸುತ್ತ ದಶಕಗಳ ಕಿಲುಬು ಗಟ್ಟಿಯಾಗಿ ಸಿಮೆಂಟಿನಂತೆ ಹಿಡಿದಿರುತ್ತದೆ. ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಸಹನೆ ಕೆಟ್ಟು ಸನ್ನೆಕೋಲು ಹಾಕಿ ಮೀಟಿದರೆ ಮೆತ್ತನೆಯ ಅಲ್ಯೂಮಿನಿಯಮ್ಮಿನ ಮೇಲೆ ಗಾಯ ಉಳಿಯುತ್ತದೆ. ಹೊಸ ಹೆಡ್ಡು ಬಂದ ಮೇಲೂ ಅದು ತಾನಾಗಿ ಕೂರುವ ವಸ್ತುವಲ್ಲ. ವಾಲ್ವನ್ನು ಅದರ ಸೀಟಿಗೆ ಪೇಸ್ಟ್ ಹಚ್ಚಿ ಅರೆಯಬೇಕು. ಕ್ಯಾಮ್ ಮತ್ತು ಟ್ಯಾಪೆಟ್ಟಿನ ನಡುವಿನ ಸಂದನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಫೀಲರ್ ಗೇಜಿನಿಂದ ಅಳೆಯಬೇಕು. ಸಂದು ತಪ್ಪಿದ್ದರೆ ತಿರುಗಿಸಿ ಸರಿಪಡಿಸಲು ಸ್ಕ್ರೂ ಇಲ್ಲ. ಕ್ಯಾಮ್‌ಶಾಫ್ಟನ್ನು ಎತ್ತಿ, ಒಳಗಿನ ಪುಟ್ಟ ಬಿಲ್ಲೆಯನ್ನು ಬೇರೆ ದಪ್ಪದ್ದಕ್ಕೆ ಬದಲಿಸಿ, ಮತ್ತೆ ಬಿಗಿದು, ಮತ್ತೆ ಅಳೆಯಬೇಕು. ಹನ್ನೆರಡು ವಾಲ್ವುಗಳಿಗೂ ಹೀಗೇ.

ಈ ಕಥೆ ದೂರದ ಇಂಗ್ಲೆಂಡಿನ ಶ್ರೀಮಂತರ ಕಾರಿನದ್ದಷ್ಟೇ ಆಗಿದ್ದರೆ ನನಗೆ ಇಷ್ಟು ಆಸಕ್ತಿ ಇರುತ್ತಿರಲಿಲ್ಲ. ವೆಸ್ಲೇಕ್ ರೂಪಿಸಿದ ಇನ್ನೊಂದು ಬೆಂಕಿಕೋಣೆ ನಮ್ಮ ಬೀದಿಗಳಲ್ಲಿ ದಶಕಗಟ್ಟಲೆ ಓಡಾಡಿದೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ-ಸೀರೀಸ್’ ಎಂಜಿನ್ನಿನ ಹೆಡ್ಡಿನಲ್ಲಿ, ಮೇಲಿನಿಂದ ನೋಡಿದರೆ ಹೃದಯದ ಆಕಾರ ಕಾಣುವ ಕೋಣೆ ಅವರದೇ ವಿನ್ಯಾಸ. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಇದರ 1,489 ಸಿ.ಸಿ. ರೂಪ ಎರಡು ಕಾರ್ಬ್ಯುರೇಟರುಗಳೊಂದಿಗೆ ಇತ್ತು. ಅದೇ 1,489 ಸಿ.ಸಿ. ಎಂಜಿನ್ನು ಒಂದೇ ಕಾರ್ಬ್ಯುರೇಟರಿನೊಂದಿಗೆ, ಸಾವಧಾನದ ಸ್ವಭಾವ ತಳೆದು, ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಡರ್ ಕಾರಿಗೆ ಬಂತು. ಬೆಂಗಳೂರಿನ ವಿಧಾನಸೌಧದ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಬಿಳಿ ಕಾರುಗಳೂ, ಮಲೆನಾಡಿನ ಘಟ್ಟಗಳಲ್ಲಿ ಹತ್ತು ಜನರನ್ನು ತುಂಬಿಕೊಂಡು ಏದುಸಿರು ಬಿಡುತ್ತಿದ್ದ ಬಾಡಿಗೆ ಕಾರುಗಳೂ ಎಂಜಿಎ ಕಾರಿನ ದಾಯಾದಿಗಳು.

ಬಿ-ಸೀರೀಸ್ ಹೆಡ್ಡು ಬೀಡುಕಬ್ಬಿಣದ್ದು. ಅದರ ಸವೆತಕ್ಕೆ ಬೇರೆಯದೇ ಚರಿತ್ರೆಯಿದೆ. 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ, ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆ ಎಂದು ಕಂಡುಕೊಂಡರು. ಆ ಸೀಸ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಹೊಗೆ ಹೊರಹೋಗುವ ವಾಲ್ವಿನ ಸೀಟಿನ ಮೇಲೆ ತೆಳುವಾದ ಪದರವಾಗಿ ಕೂತು, ಕಾದ ವಾಲ್ವು ಕಬ್ಬಿಣಕ್ಕೆ ಅಂಟದಂತೆ ಕಾಯುತ್ತಿತ್ತು. ಅದೇ ಸೀಸ ಮಕ್ಕಳ ಮಿದುಳಿಗೆ ವಿಷವೆಂಬ ಅರಿವು ಜಗತ್ತಿಗೆ ನಿಧಾನವಾಗಿ ಬಂತು. ಬ್ರಿಟನ್ನಿನಲ್ಲೂ ಭಾರತದಲ್ಲೂ 2000ದ ಹೊತ್ತಿಗೆ ಸೀಸದ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಿತು. ಜಗತ್ತಿನ ಕಡೆಯ ದೇಶವಾಗಿ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಸೀಸವಿಲ್ಲದ ಪೆಟ್ರೋಲಿನಲ್ಲಿ ವೇಗವಾಗಿ ಓಡಿದ ಹಳೆಯ ಕಬ್ಬಿಣದ ಹೆಡ್ಡುಗಳಲ್ಲಿ ವಾಲ್ವು ತನ್ನ ಸೀಟನ್ನೇ ತಿನ್ನುತ್ತ ಒಳಕ್ಕೆ ಇಳಿಯಿತು. ಹಳೆಯ ಸೀಟನ್ನು ಕೊರೆದು ತೆಗೆದು ಗಟ್ಟಿ ಲೋಹದ ಉಂಗುರ ಕೂರಿಸುವುದು ಆಗ ಲೇತ್ ಅಂಗಡಿಗಳ ಕೆಲಸವಾಯಿತು. ಗಾಳಿ ಶುದ್ಧವಾಗಲಿ ಎಂದು ಸರ್ಕಾರಗಳು ಮಾಡಿದ ನಿರ್ಧಾರ ಆ ಪುಟ್ಟ ಉಂಗುರದಲ್ಲಿ ದಾಖಲಾಗಿದೆ. ಹಳೆಯ ಹೆಡ್ಡಿನಲ್ಲಿ ಉಂಗುರವಿದೆಯೋ ಇಲ್ಲವೋ ಎಂಬುದು ಆ ಕಾರಿನ ಬದುಕಿನ ಬಗ್ಗೆ ಒಂದು ಸಾಕ್ಷ್ಯ.

ಕ್ಷೇತ್ರಕಾರ್ಯಕ್ಕೆಂದು ಬೆಂಗಳೂರಿನಲ್ಲಿ ಅಂಬಾಸಡರ್ ಎಂಜಿನ್ನುಗಳ ಕೆಲಸ ಮಾಡುತ್ತಿದ್ದ ಹಿರಿಯ ಮೇಸ್ತ್ರಿಯೊಬ್ಬರ ಬಳಿ ನಾನು ಕೆಲವು ದಿನ ಕೂತಿದ್ದೆ. ಹೆಡ್ಡನ್ನು ಒಂದು ಸಲ ಫೇಸಿಂಗ್ ಮಾಡಿಸಿದ ಮೇಲೆ ಅವರು ಅದರ ಬದಿಯಲ್ಲಿ, ಕಣ್ಣಿಗೆ ಸುಲಭಕ್ಕೆ ಬೀಳದ ಜಾಗದಲ್ಲಿ, ಪಂಚಿನಿಂದ ಒಂದು ಚುಕ್ಕೆ ಹೊಡೆಯುತ್ತಿದ್ದರು. ಎರಡನೆಯ ಸಲಕ್ಕೆ ಎರಡನೆಯ ಚುಕ್ಕೆ. ಯಾಕೆ ಎಂದು ಕೇಳಿದೆ. ‘ಮುಂದೆ ಬಿಚ್ಚೋನಿಗೆ ಗೊತ್ತಾಗ್ಬೇಕಲ್ಲಮ್ಮ, ಇದನ್ನ ಎಷ್ಟು ಸಲ ಕೆರೆದಿದಾರೆ ಅಂತ’ ಎಂದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಇನ್ನು ಗುರುತಿನ ಪ್ರಶ್ನೆ. ಎರಡು ತಲೆಗಳು ಅದಲುಬದಲಾದ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದ ಬೇತಾಳ ಕಥೆಗಳಲ್ಲಿ ಅದು ಬರುತ್ತದೆ, ಥಾಮಸ್ ಮನ್ನನ ಕೈಯಲ್ಲಿ ಕಾದಂಬರಿಯಾಗಿ, ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ನಾಟಕವಾಗಿ ಬೆಳೆಯಿತು. ಬೇತಾಳನ ಪ್ರಶ್ನೆಗೆ ರಾಜ ಕೊಡುವ ಉತ್ತರ ಸರಳ: ಅಂಗಗಳಲ್ಲಿ ತಲೆಯೇ ಶ್ರೇಷ್ಠ, ಆದ್ದರಿಂದ ಗಂಡನ ತಲೆ ಯಾರಿಗಿದೆಯೋ ಅವನೇ ಗಂಡ. ಹಳೆಯ ಕಾರುಗಳ ಲೋಕದಲ್ಲಿ ಈ ತೀರ್ಪು ನಡೆಯುವುದಿಲ್ಲ. ಅಲ್ಲಿ ತಲೆಯನ್ನೂ ಮುಂಡವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಜಾಗ್ವಾರ್ ಎಂಜಿನ್ನಿನ ಸಂಖ್ಯೆಯನ್ನು ಬ್ಲಾಕಿನ ಮೇಲೂ ಹೆಡ್ಡಿನ ಮೇಲೂ ಒತ್ತಿರುತ್ತಿದ್ದರು. ಅದೇ ಸಂಖ್ಯೆ ಕಾರಿನ ತಗಡಿನ ಫಲಕದಲ್ಲೂ ಇರುತ್ತಿತ್ತು. ಕಾರ್ಖಾನೆಯ ಹಳೆಯ ದಾಖಲೆಗಳನ್ನು ನೋಡಿ, ಕಾರು ಹೊರಬಿದ್ದಾಗ ಯಾವ ಸಂಖ್ಯೆಯ ಎಂಜಿನ್ನು ಇತ್ತೆಂದು ಪ್ರಮಾಣಪತ್ರ ಕೊಡುವ ವ್ಯವಸ್ಥೆಯಿದೆ. ಎಲ್ಲ ಸಂಖ್ಯೆಗಳೂ ತಾಳೆಯಾದರೆ ಬೆಲೆ ಏರುತ್ತದೆ. ಹೆಡ್ಡು ಬದಲಾದ ಕಾರು ಚೆನ್ನಾಗಿ ಓಡುತ್ತಿರಬಹುದು, ತಾಳೆ ಮಾತ್ರ ತಪ್ಪಿರುತ್ತದೆ.

ಬೆಲೆ ಎಂದರೆ ಸಣ್ಣ ಮೊತ್ತವಲ್ಲ. 1956ರಲ್ಲಿ ಲ ಮಾನ್ ಗೆದ್ದ ಡಿ-ಟೈಪ್ ಕಾರು 2016ರ ಹರಾಜಿನಲ್ಲಿ ಎರಡು ಕೋಟಿ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಇಷ್ಟು ದುಡ್ಡು ಸಂಖ್ಯೆಗಳ ಮೇಲೆ ನಿಂತಾಗ ಹಳೆಯ ಸಂಖ್ಯೆಯನ್ನು ಹೊಸ ಲೋಹದ ಮೇಲೆ ಒತ್ತುವ ಆಸೆ ಹುಟ್ಟುವುದು ಆಶ್ಚರ್ಯವಲ್ಲ. ಚರಿತ್ರೆ ಓದುವವರಿಗೆ ಇದು ಪರಿಚಿತ ಕಾಯಿಲೆ. ಭೂಮಿಗೆ ಹಕ್ಕು ಸಾಧಿಸಬೇಕಾದಾಗ ಕೂಟ ಶಾಸನಗಳು ಹುಟ್ಟಿದ್ದೂ ಹೀಗೆಯೇ.

ಈ ಜಗಳ ಒಮ್ಮೆ ಲಂಡನ್ನಿನ ನ್ಯಾಯಾಲಯಕ್ಕೂ ಹೋಯಿತು. 1929 ಮತ್ತು 1930ರಲ್ಲಿ ಎರಡು ಬಾರಿ ಲ ಮಾನ್ ಗೆದ್ದ ಬೆಂಟ್ಲಿ ಕಾರಿಗೆ ‘ಓಲ್ಡ್ ನಂಬರ್ ಒನ್’ ಎಂದು ಹೆಸರು. ಆಮೇಲೂ ಅದು ಓಡಿತು, ಅದರ ಭಾಗಗಳು ಬದಲಾಗುತ್ತ ಹೋದವು, ದೊಡ್ಡ ಎಂಜಿನ್ನು ಬಂತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟದ ಅಪಘಾತದಲ್ಲಿ ಚಾಲಕ ಕ್ಲೈವ್ ಡನ್‌ಫೀ ಸತ್ತರು. ನುಗ್ಗಾದ ಕಾರನ್ನು ಮತ್ತೆ ಕಟ್ಟಲಾಯಿತು. ದಶಕಗಳ ಬಳಿಕ ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ಆ ಕಾರೇ ಅಲ್ಲ ಎಂದು ಹಿಂಜರಿದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ಕೊಟ್ಟ ತೀರ್ಪು ನನ್ನ ಸಂಶೋಧನೆಯ ದೃಷ್ಟಿಯಿಂದ ಮುಖ್ಯ. ಗೆದ್ದ ದಿನ ಇದ್ದ ಲೋಹ ಈ ಕಾರಿನಲ್ಲಿ ತೀರ ಕಡಿಮೆ ಉಳಿದಿರುವುದರಿಂದ ಇದನ್ನು ‘ಮೂಲ’ ಎನ್ನಲಾಗದು. ಆದರೆ ಬದಲಾವಣೆಗಳು ಒಂದರ ಹಿಂದೆ ಒಂದರಂತೆ, ನಡುವೆ ಎಲ್ಲೂ ಕಡಿಯದೆ ಆಗಿವೆ. ಇದರ ಜಾಗದಲ್ಲಿ ನಿಲ್ಲಬಲ್ಲ ಇನ್ನೊಂದು ಕಾರೂ ಇಲ್ಲ. ಹಾಗಾಗಿ ಇದು ‘ಅಸಲಿ’. ಕೊಳ್ಳುವವರು ಒಪ್ಪಂದಕ್ಕೆ ಬದ್ಧರಾಗಬೇಕಾಯಿತು. ಬೆಂಟ್ಲಿಯ ಆ ಕಾಲದ ರೇಸ್ ಕಾರುಗಳ ಮೇಲೆ ಕೆಲಸ ಮಾಡಿದ್ದ ಹುಡುಗರಲ್ಲಿ ವಾಲ್ಟರ್ ಹ್ಯಾಸನ್ ಕೂಡ ಒಬ್ಬರು. ಮುಂದೆ ಕೊವೆಂಟ್ರಿಯ ಕಾವಲು ರಾತ್ರಿಗಳಲ್ಲಿ ಎಕ್ಸ್‌ಕೆ ಎಂಜಿನ್ನಿನ ಬಗ್ಗೆ ಮಾತಾಡುತ್ತಿದ್ದವರು ಅವರೇ.

ಮೂಲ ಮತ್ತು ಅಸಲಿ ಎಂಬ ಈ ವ್ಯತ್ಯಾಸ ಹಳಗನ್ನಡ ಓದುವವರಿಗೆ ಬೇಗ ಅರ್ಥವಾದೀತು. ಪಂಪನ ಕೈಬರಹದ ಒಂದು ಗರಿಯೂ ನಮ್ಮ ಬಳಿ ಇಲ್ಲ. ಓಲೆ ಸವೆದಾಗ, ಹುಳು ತಿಂದಾಗ, ಯಾರೋ ಲಿಪಿಕಾರ ಹೊಸ ಗರಿಗೆ ಪ್ರತಿ ಮಾಡಿದ. ಅದು ಸವೆದಾಗ ಇನ್ನೊಬ್ಬ. ನಾವು ಓದುವ ಪಂಪಭಾರತ ಆ ಬದಲಾವಣೆಗಳ ಸರಪಳಿಯ ತುದಿ. ಆದರೂ ಅದನ್ನು ಪಂಪನದಲ್ಲ ಎನ್ನುವವರಿಲ್ಲ. ಗ್ರಂಥಸಂಪಾದಕ ಕೇಳುವುದು ಇಷ್ಟೇ: ಎಲ್ಲಿ ಬದಲಾಯಿತೋ ಅಲ್ಲಿ ಗುರುತು ಉಳಿಸಿ, ಪಾಠಾಂತರವನ್ನು ಮುಚ್ಚಬೇಡಿ.

ಕಾರುಗಳ ಲೋಕವೂ ತಡವಾಗಿ ಈ ಮಾತಿಗೆ ಬಂದಿದೆ. ಸ್ಮಾರಕಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪಿಸಿದ ವೆನಿಸ್ ಸನ್ನದು, ಹೊಸದಾಗಿ ಸೇರಿಸಿದ ಭಾಗ ಹಳೆಯದರೊಂದಿಗೆ ಹೊಂದಿಕೊಳ್ಳಬೇಕು, ಆದರೆ ಹೊಸದೆಂದು ಗುರುತಿಸಲು ಸಾಧ್ಯವಾಗಬೇಕು ಎಂದಿತ್ತು. ಅದರ ಹಾದಿಯಲ್ಲೇ ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರ ಸುಮಾರಿಗೆ ಟ್ಯೂರಿನ್ ಸನ್ನದನ್ನು ರೂಪಿಸಿತು. ಬದಲಿಸಿದ ಭಾಗಗಳ ಮೇಲೆ ಸುಲಭವಾಗಿ ತಿಳಿಯುವ, ಅಳಿಯದ ಗುರುತು ಹಾಕಿ ಎಂದು ಅದು ಸಲಹೆ ಕೊಡುತ್ತದೆ. ಅದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಮೇಸ್ತ್ರಿಯವರ ಪಂಚಿನ ಚುಕ್ಕೆಗಳು.

ಇದರ ನಡುವೆ ಕಂಪನಿಗಳೇ ಗಡಿಯನ್ನು ಮಸುಕು ಮಾಡಿವೆ. 1957ರ ಫೆಬ್ರವರಿ 12ರಂದು ಜಾಗ್ವಾರ್ ಕಾರ್ಖಾನೆಗೆ ಬೆಂಕಿ ಬಿದ್ದು, ಕಟ್ಟುತ್ತಿದ್ದ ಒಂಬತ್ತು ಎಕ್ಸ್‌ಕೆಎಸ್‌ಎಸ್ ಕಾರುಗಳು ನಾಶವಾದವು. 2008ರಲ್ಲಿ ನಮ್ಮ ಟಾಟಾ ಮೋಟಾರ್ಸ್‌ನ ಒಡೆತನಕ್ಕೆ ಬಂದ ಅದೇ ಕಂಪನಿ, ಆ ಒಂಬತ್ತನ್ನು ಹೊಸದಾಗಿ ಕಟ್ಟಿಕೊಡುವುದಾಗಿ 2016ರಲ್ಲಿ ಘೋಷಿಸಿತು. ಎಕ್ಸ್‌ಕೆ ಎಂಜಿನ್ನಿಗೆ ಹೊಚ್ಚ ಹೊಸ ಹೆಡ್ಡುಗಳನ್ನು ಎರಕ ಹೊಯ್ದು ಮಾರುವವರೂ ಇದ್ದಾರೆ. ಅವುಗಳ ಲೋಹ ಹಳೆಯದಕ್ಕಿಂತ ದೋಷ ಕಡಿಮೆಯದು, ನೀರಿನ ದಾರಿಗಳು ಅಚ್ಚುಕಟ್ಟು. ಕಾರು ಓಡಬೇಕೆನ್ನುವವನಿಗೆ ಅದು ಒಳ್ಳೆಯ ಆಯ್ಕೆ. ಕಾರು ಓಡಲೇಬೇಕು ಎಂದು ನಾನೂ ನಂಬುತ್ತೇನೆ. ಓಡದೆ ನಿಂತ ಎಂಜಿನ್ನಿನಲ್ಲಿ ಸೀಲುಗಳು ಒಣಗುತ್ತವೆ, ವಾಲ್ವುಗಳು ಅಂಟಿಕೊಳ್ಳುತ್ತವೆ. ಹೆಡ್ಡು ಬಿಚ್ಚಲು ಬಲ್ಲ ಕೈಗಳಿಗೂ ಕೆಲಸವಿಲ್ಲದಾಗುತ್ತದೆ. ಡಿ-ಟೈಪ್ ಕಾರುಗಳು ಓಟದ ಕಾಲದಲ್ಲೇ ಹೆಡ್ಡು ಬದಲಿಸಿಕೊಂಡವು. 1955ರ ಕಾರ್ಖಾನೆಯ ತಂಡದ ಕಾರುಗಳಿಗೆ ವಾಲ್ವುಗಳ ಕೋನ ಬದಲಾದ ಹೊಸ ಹೆಡ್ಡು ಬಂದಿತ್ತು. ಅವುಗಳನ್ನು ಕಟ್ಟಿದವರಿಗೆ ಹೆಡ್ಡು ಪೂಜಾವಸ್ತುವಾಗಿರಲಿಲ್ಲ.

ನನ್ನ ಆತಂಕ ಇರುವುದು ತೆಗೆದ ಹೆಡ್ಡಿನ ಬಗ್ಗೆ. ಅಲ್ಯೂಮಿನಿಯಮ್ಮಿಗೆ ಗುಜರಿಯಲ್ಲಿ ತೂಕದ ಬೆಲೆಯಿದೆ. ಸವೆದ ಹೆಡ್ಡು ಸಾಮಾನ್ಯವಾಗಿ ಅಂಗಳದ ಮೂಲೆಯಲ್ಲಿ ಒಂದು ಮಳೆಗಾಲ ನೆನೆದು, ಆಮೇಲೆ ತಕ್ಕಡಿ ಏರಿ, ಕುಲುಮೆಗೆ ಹೋಗುತ್ತದೆ. ಅದರೊಂದಿಗೆ ಒಂದು ದಾಖಲೆಯೂ ಕರಗುತ್ತದೆ. ಹೆಡ್ಡಿನ ದಪ್ಪವನ್ನು ಅಳೆದರೆ ಎಷ್ಟು ಲೋಹವನ್ನು ಕೆರೆದು ತೆಗೆದಿದ್ದಾರೆಂದು ತಿಳಿಯುತ್ತದೆ. ಗಾಳಿದಾರಿಯೊಳಗಿನ ಗೀರುಗಳನ್ನು ನೋಡಿದರೆ, ವೇಗಕ್ಕಾಗಿ ಯಾರೋ ಕೈಯಿಂದ ಉಜ್ಜಿ ನುಣುಪು ಮಾಡಿದ್ದಾರೋ ಇಲ್ಲವೋ ಗೊತ್ತಾಗುತ್ತದೆ. ನೀರಿನ ದಾರಿಗಳ ತಿನಿತ ನೋಡಿದರೆ ಮಾಲೀಕ ಎಂಥ ನೀರು ತುಂಬಿಸಿದನೆಂದು ಊಹಿಸಬಹುದು. ಟ್ಯಾಪೆಟ್ ಗೈಡಿನ ಮೇಲಿನ ಏಟಿನ ಗುರುತು, ಯಾವುದೋ ಒಂದು ದಿನ ಎಂಜಿನ್ನು ಎಷ್ಟು ಕಾದಿತ್ತೆಂದು ಹೇಳುತ್ತದೆ. ಈ ಕೆಲಸಗಾರರು ಡೈರಿ ಬರೆದವರಲ್ಲ, ಅವರನ್ನು ಯಾರೂ ಸಂದರ್ಶಿಸಲಿಲ್ಲ. ಅವರು ಬಿಟ್ಟುಹೋದ ಬರಹವೆಂದರೆ ಲೋಹದ ಮೇಲಿನ ಈ ಗೀರುಗಳಷ್ಟೇ.

ಆದ್ದರಿಂದ ಹಳೆಯ ಕಾರು ಇಟ್ಟುಕೊಂಡವರು ಸಿಕ್ಕಾಗಲೆಲ್ಲ ನಾನು ಒಂದು ವಿನಂತಿ ಮಾಡುತ್ತೇನೆ. ಹೊಸ ಹೆಡ್ಡು ಹಾಕಿಸಿ, ಕಾರು ಓಡಿಸಿ. ಹೊಸದರ ಮೇಲೆ ಹಳೆಯ ಸಂಖ್ಯೆ ಒತ್ತಬೇಡಿ; ಹಾಕಿಸಿದ ವರ್ಷವನ್ನೂ ಕೆಲಸ ಮಾಡಿದವರ ಹೆಸರನ್ನೂ ಒತ್ತಿಸಿ. ಹಳೆಯದನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ, ನೆಲದ ತೇವ ತಾಗದ ಅಟ್ಟದ ಮೇಲೆ ಇಡಿ. ಜೊತೆಗೆ ಒಂದು ಚೀಟಿ ಬರೆದಿಡಿ: ಯಾವ ಕಾರಿನದು, ಯಾವಾಗ ತೆಗೆದದ್ದು, ಏನಾಗಿತ್ತು. ಮರದ ತುಂಡುಗಳ ಮೇಲೆ ಇಡುವುದನ್ನು ಮರೆಯಬೇಡಿ. ವಾಲ್ವುಗಳು ಇನ್ನೂ ಅದರಲ್ಲೇ ಇರಬಹುದು.